ಹಣಕಾಸು ಯೋಜಕರ ಅರ್ಹತೆಯೂ ಬದುಕೂ: ಪರಿಚಯಪತ್ರದ ಎರಡು ಭಾಗಗಳನ್ನು ಓದುವ ಬಗೆ

ಹಣಕಾಸು ಯೋಜಕರು ತಮ್ಮ ಬಗ್ಗೆ ಬರೆದುಕೊಳ್ಳುವ ಪರಿಚಯದಲ್ಲಿ ಸಾಮಾನ್ಯವಾಗಿ ಎರಡು ಭಾಗಗಳಿರುತ್ತವೆ. ಮೊದಲ ಭಾಗದಲ್ಲಿ ಪದವಿ, ಹೆಸರಿನ ಮುಂದಿನ ಅಕ್ಷರಗಳು, ತೇರ್ಗಡೆಯಾದ ಪರೀಕ್ಷೆಗಳು, ಅನುಭವದ ವರ್ಷಗಳು ಇರುತ್ತವೆ. ಎರಡನೆಯ ಭಾಗದಲ್ಲಿ ಸಂಗಾತಿ, ಮಕ್ಕಳು, ಬಿಡುವಿನ ವೇಳೆಯ ಹವ್ಯಾಸ, ತೊಡಗಿಕೊಂಡಿರುವ ಸೇವಾಕಾರ್ಯ ಇವುಗಳ ಪ್ರಸ್ತಾಪ ಬರುತ್ತದೆ. ಓದುವವರಲ್ಲಿ ಹೆಚ್ಚಿನವರು ಮೊದಲ ಭಾಗವನ್ನು ಪೂರ್ತಿ ಅರ್ಥವಾಗದಿದ್ದರೂ ಗೌರವಿಸುತ್ತಾರೆ, ಎರಡನೆಯ ಭಾಗವನ್ನು ಸುಲಭವಾಗಿ ಅರ್ಥವಾಗುತ್ತದೆಂಬ ಕಾರಣಕ್ಕೇ ನಂಬುತ್ತಾರೆ. ಒಂದು ಕುಟುಂಬದ ಮುಂದಿನ ಮೂವತ್ತು ನಲವತ್ತು ವರ್ಷಗಳ ಹಣದ ನಿರ್ಧಾರಗಳನ್ನು ಇನ್ನೊಬ್ಬರ ಸಲಹೆಯ ಮೇಲೆ ನಿಲ್ಲಿಸುವಾಗ ಇಷ್ಟು ಸಾಲದು. ಆ ಅಕ್ಷರಗಳು ಏನನ್ನು ಖಾತರಿಪಡಿಸುತ್ತವೆ, ಏನನ್ನು ಖಾತರಿಪಡಿಸುವುದಿಲ್ಲ, ಯೋಜಕರ ಖಾಸಗಿ ಬದುಕಿನಲ್ಲಿ ಗ್ರಾಹಕರಿಗೆ ಸಂಬಂಧಪಟ್ಟ ಸಂಗತಿಗಳು ಯಾವುವು ಎಂಬುದನ್ನು ಬಿಡಿಸಿ ನೋಡಬೇಕಾಗುತ್ತದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಪರಿಚಯಪತ್ರಗಳಲ್ಲಿ ಕಾಣುವ ಖಾಸಗಿ ವಿವರಗಳು ಬಹುಮಟ್ಟಿಗೆ ಅಪ್ರಸ್ತುತ. ಪ್ರಸ್ತುತವಾದ ಖಾಸಗಿ ವಿವರಗಳು ಅಲ್ಲಿ ಬಹುಮಟ್ಟಿಗೆ ಕಾಣುವುದೇ ಇಲ್ಲ.

ಮೊದಲು ಈ ಕೆಲಸದ ಸ್ವರೂಪ ಸ್ಪಷ್ಟವಾಗಬೇಕು. ಯಾವ ಷೇರು ಏರುತ್ತದೆ, ಯಾವ ಫಂಡ್ ಹೆಚ್ಚು ಲಾಭ ಕೊಡುತ್ತದೆ ಎಂದು ಹೇಳುವುದು ಹಣಕಾಸು ಯೋಜಕರ ಮುಖ್ಯ ಕೆಲಸವೆಂಬ ಭಾವನೆ ವ್ಯಾಪಕವಾಗಿದೆ, ಆದರೆ ಅದು ಸರಿಯಲ್ಲ. ಆದಾಯ ಮತ್ತು ಖರ್ಚಿನ ಹರಿವು, ಸಾಲ, ವಿಮೆ, ಹೂಡಿಕೆ, ತೆರಿಗೆ, ನಿವೃತ್ತಿ, ಆಸ್ತಿಯ ವರ್ಗಾವಣೆ ಇವೆಲ್ಲವನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುವುದು ಅವರ ಕೆಲಸ. ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ನಲವತ್ತೈದು ವರ್ಷದ ಒಬ್ಬ ವ್ಯಕ್ತಿಯ ಕೈಗೆ ಒಮ್ಮೆಗೇ ದೊಡ್ಡ ಮೊತ್ತ ಬಂದಿದೆ; ಅದರಿಂದ ಮನೆಯ ಸಾಲವನ್ನು ತೀರಿಸಿಬಿಡಬೇಕೇ ಎಂಬುದು ಪ್ರಶ್ನೆ. ಮೇಲ್ನೋಟಕ್ಕೆ ಇದು ಸಾಲದ ಬಡ್ಡಿದರವನ್ನೂ ಹೂಡಿಕೆಯಿಂದ ಬರಬಹುದಾದ ಲಾಭವನ್ನೂ ಹೋಲಿಸುವ ಲೆಕ್ಕ. ಆದರೆ ಸಾಲದ ಬಡ್ಡಿಗೆ ತೆರಿಗೆಯಲ್ಲಿ ರಿಯಾಯಿತಿ ಇದೆಯೇ, ಹಣವೆಲ್ಲ ಸಾಲಕ್ಕೆ ಹೋದರೆ ತುರ್ತು ಖರ್ಚಿಗೆ ಏನು ಉಳಿಯುತ್ತದೆ, ಕೆಲಸ ಹೋದರೆ ಮತ್ತೆ ಅದೇ ದರದಲ್ಲಿ ಸಾಲ ಸಿಗುತ್ತದೆಯೇ, ನಿವೃತ್ತಿಯ ಉಳಿತಾಯ ಈಗಾಗಲೇ ಹಿಂದೆ ಬಿದ್ದಿದೆಯೇ, ದುಡಿಯುವವರು ಅಕಾಲದಲ್ಲಿ ತೀರಿಕೊಂಡರೆ ಉಳಿದ ಸಾಲವನ್ನು ತೀರಿಸುವಷ್ಟು ಜೀವವಿಮೆ ಇದೆಯೇ, ಕೊನೆಗೆ ಸಾಲದ ಹೊರೆಯಿಂದ ಆ ವ್ಯಕ್ತಿಗೆ ರಾತ್ರಿ ನಿದ್ದೆ ಬರುತ್ತದೆಯೇ ಎಂಬ ಆರೇಳು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಇವುಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಬಲ್ಲವರು ಕೊಡುವ ಉತ್ತರ ತಪ್ಪಾಗಿರಬೇಕೆಂದಿಲ್ಲ, ಆದರೆ ಅರ್ಧವಾಗಿರುತ್ತದೆ. ಯೋಜಕರ ಅರ್ಹತೆಯ ಪ್ರಶ್ನೆ ಹುಟ್ಟುವುದೇ ಇಲ್ಲಿಂದ.

ಇಂತಹ ಸಮಗ್ರ ಸಲಹೆಗೆ ಪ್ರತ್ಯೇಕ ವೃತ್ತಿಯೊಂದು ಬೇಕೆಂಬ ವಿಚಾರ ಬಹಳ ಹಳೆಯದಲ್ಲ. 1969ರ ಡಿಸೆಂಬರ್‌ನಲ್ಲಿ ಅಮೆರಿಕದ ಶಿಕಾಗೊ ವಿಮಾನ ನಿಲ್ದಾಣದ ಸಮೀಪದ ಹೋಟೆಲೊಂದರಲ್ಲಿ ಲೊರೆನ್ ಡಂಟನ್ ಅವರ ಮುಂದಾಳತ್ವದಲ್ಲಿ 13 ಮಂದಿ ಸೇರಿದರು. ವಿಮೆ ಮಾರುವವರು, ಮ್ಯೂಚುವಲ್ ಫಂಡ್ ಮಾರುವವರು ತಂತಮ್ಮ ಸರಕನ್ನಷ್ಟೇ ನೋಡುತ್ತ, ಗ್ರಾಹಕರ ಇಡೀ ಸ್ಥಿತಿಯನ್ನು ಯಾರೂ ನೋಡುತ್ತಿಲ್ಲವೆಂಬ ಕೊರತೆ ಅವರ ಗಮನದಲ್ಲಿತ್ತು. ಆ ಸಭೆಯಿಂದ ಒಂದು ವೃತ್ತಿಸಂಘವೂ ಒಂದು ಶಿಕ್ಷಣ ಸಂಸ್ಥೆಯೂ ಹುಟ್ಟಿದವು. 1973ರಲ್ಲಿ ಆ ಸಂಸ್ಥೆಯಿಂದ ಮೊದಲ ತಂಡದಲ್ಲಿ 42 ಮಂದಿ ‘ಸರ್ಟಿಫೈಡ್ ಫೈನಾನ್ಷಿಯಲ್ ಪ್ಲಾನರ್’, ಅಂದರೆ ಇಂದು ಸಿಎಫ್‌ಪಿ ಎಂದು ಕರೆಯಲಾಗುವ ಪ್ರಮಾಣಪತ್ರವನ್ನು ಪಡೆದರು. ಪಾಠ ಹೇಳುವ ಸಂಸ್ಥೆಯೇ ಪ್ರಮಾಣಪತ್ರವನ್ನೂ ಕೊಡುವುದು ಸರಿಯಲ್ಲವೆಂದು ಮನಗಂಡು 1985ರಲ್ಲಿ ಪ್ರತ್ಯೇಕವಾದ ಮಂಡಳಿಯನ್ನು ರಚಿಸಲಾಯಿತು. ಅಮೆರಿಕದ ಹೊರಗೆ ಈ ಪ್ರಮಾಣಪತ್ರವನ್ನು ನೋಡಿಕೊಳ್ಳುವ ಹೊಣೆಯನ್ನು 2004ರಲ್ಲಿ ಸ್ಥಾಪನೆಯಾದ ಫೈನಾನ್ಷಿಯಲ್ ಪ್ಲಾನಿಂಗ್ ಸ್ಟ್ಯಾಂಡರ್ಡ್ಸ್ ಬೋರ್ಡ್ ಹೊತ್ತಿದೆ. ಇಂದು ಜಗತ್ತಿನಾದ್ಯಂತ 2 ಲಕ್ಷಕ್ಕೂ ಹೆಚ್ಚು ಜನ ಈ ಪ್ರಮಾಣಪತ್ರ ಹೊಂದಿದ್ದಾರೆ. ವೈದ್ಯಕೀಯಕ್ಕೂ ವಕೀಲಿಕೆಗೂ ಶತಮಾನಗಳ ಇತಿಹಾಸವಿರುವಾಗ ಈ ವೃತ್ತಿಗೆ ಐವತ್ತು ಚಿಲ್ಲರೆ ವರ್ಷಗಳಷ್ಟೇ ಆಗಿವೆ. ಅದರ ನಿಯಮಗಳು ದೇಶದಿಂದ ದೇಶಕ್ಕೆ ಇಷ್ಟೊಂದು ಬೇರೆಯಾಗಿರುವುದಕ್ಕೆ ಈ ಎಳೆತನವೂ ಒಂದು ಕಾರಣ.

ಸಿಎಫ್‌ಪಿ ಪ್ರಮಾಣಪತ್ರ ನಾಲ್ಕು ಕಂಬಗಳ ಮೇಲೆ ನಿಂತಿದೆ: ಶಿಕ್ಷಣ, ಪರೀಕ್ಷೆ, ಅನುಭವ, ನೀತಿ. ಅಮೆರಿಕದ ಮಾದರಿಯನ್ನೇ ನೋಡುವುದಾದರೆ, ಅಭ್ಯರ್ಥಿಗೆ ಪದವಿ ಇರಬೇಕು ಮತ್ತು ಹಣಕಾಸು ಯೋಜನೆಯ ವಿಷಯಗಳಲ್ಲಿ ನಿಗದಿತ ವ್ಯಾಸಂಗವನ್ನು ಮುಗಿಸಿರಬೇಕು. ಪರೀಕ್ಷೆಯಲ್ಲಿ 170 ಪ್ರಶ್ನೆಗಳಿದ್ದು, ತಲಾ 3 ಗಂಟೆಗಳ ಎರಡು ಅವಧಿಗಳಲ್ಲಿ ಅದನ್ನು ಬರೆಯಬೇಕು. ಬರೆದವರಲ್ಲಿ ಸುಮಾರು ಮೂರನೆಯ ಒಂದು ಭಾಗದಷ್ಟು ಜನ ತೇರ್ಗಡೆಯಾಗುವುದಿಲ್ಲ. ಪ್ರಶ್ನೆಗಳಲ್ಲಿ ಹಲವು ಒಂದು ಕಲ್ಪಿತ ಕುಟುಂಬದ ಪೂರ್ಣ ವಿವರವನ್ನು ಮುಂದಿಟ್ಟು, ಅವರ ವಯಸ್ಸು, ಆದಾಯ, ಸಾಲ, ಮಕ್ಕಳು, ವಿಮೆ, ಹಿಂದಿನ ಮದುವೆಯ ಹೊಣೆಗಾರಿಕೆಗಳನ್ನೆಲ್ಲ ಗಮನಿಸಿ ಉತ್ತರಿಸುವಂತೆ ಕೇಳುತ್ತವೆ. ಕಂಠಪಾಠದಿಂದ ಇವುಗಳಿಗೆ ಉತ್ತರ ಬರೆಯಲಾಗುವುದಿಲ್ಲ. ಪರೀಕ್ಷೆ ಮುಗಿದ ಮಾತ್ರಕ್ಕೆ ಪ್ರಮಾಣಪತ್ರ ಕೈಗೆ ಬರುವುದೂ ಇಲ್ಲ. 6,000 ಗಂಟೆಗಳ ವೃತ್ತಿ ಅನುಭವ ಇರಬೇಕು. ಅನುಭವಿ ಯೋಜಕರ ನೇರ ಮಾರ್ಗದರ್ಶನದಲ್ಲಿ ಕಲಿಯುವುದಾದರೆ 4,000 ಗಂಟೆ ಸಾಕು. ಪೂರ್ಣಾವಧಿ ಕೆಲಸದ ಲೆಕ್ಕದಲ್ಲಿ ಇದು ಎರಡರಿಂದ ಮೂರು ವರ್ಷ. ಆಮೇಲೂ ಪ್ರಮಾಣಪತ್ರವನ್ನು ಉಳಿಸಿಕೊಳ್ಳಲು ನಿಯತವಾಗಿ ಕಲಿಕೆಯನ್ನು ಮುಂದುವರಿಸಬೇಕು, ಅದರಲ್ಲಿ ನೀತಿಸಂಹಿತೆಯ ಪಾಠ ಕಡ್ಡಾಯ.

ನಾಲ್ಕನೆಯ ಕಂಬವಾದ ನೀತಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಗ್ರಾಹಕರಿಗೆ ಅತ್ಯಂತ ಉಪಯುಕ್ತವಾದದ್ದೂ ಅವರಿಗೆ ಅತ್ಯಂತ ಕಡಿಮೆ ತಿಳಿದಿರುವುದೂ ಅದೇ. ಅಮೆರಿಕದ ಮಂಡಳಿಯ ಈಗಿನ ನೀತಿಸಂಹಿತೆ 2019ರ ಅಕ್ಟೋಬರ್‌ನಲ್ಲಿ ಜಾರಿಗೆ ಬಂತು. ಹಣಕಾಸಿನ ಸಲಹೆ ಕೊಡುವ ಪ್ರತಿ ಸಂದರ್ಭದಲ್ಲೂ ಯೋಜಕರು ತಮ್ಮ ಲಾಭಕ್ಕಿಂತ ಗ್ರಾಹಕರ ಹಿತವನ್ನು ಮುಂದಿಡಬೇಕೆಂಬ ನಂಬಿಕೆಯ ಹೊಣೆಯನ್ನು ಅದು ವಿಧಿಸುತ್ತದೆ. ಗ್ರಾಹಕರಿಂದ ಸಾಲ ಪಡೆಯುವುದು, ಗ್ರಾಹಕರಿಗೆ ಸಾಲ ಕೊಡುವುದು ಎರಡನ್ನೂ, ಗ್ರಾಹಕರು ಕುಟುಂಬದವರೇ ಆಗಿರುವಂತಹ ಕೆಲವು ಸಂದರ್ಭಗಳನ್ನು ಬಿಟ್ಟು, ನಿಷೇಧಿಸುತ್ತದೆ. ಈ ನಿಷೇಧವನ್ನು ಮೊದಲ ಬಾರಿ ಓದಿದವರಿಗೆ ಇದು ಯಾಕೆ ಬೇಕಿತ್ತೆಂಬ ಅನುಮಾನ ಬರಬಹುದು. ಒಬ್ಬರ ಖಾತೆಯಲ್ಲಿ ಎಷ್ಟಿದೆ, ಆ ಹಣ ಎಂದಿನವರೆಗೆ ಅವರಿಗೆ ಬೇಕಾಗುವುದಿಲ್ಲ, ಮನೆಯವರಲ್ಲಿ ಯಾರು ಪ್ರಶ್ನೆ ಕೇಳುತ್ತಾರೆ, ಯಾರು ಕೇಳುವುದಿಲ್ಲ ಎಂಬುದೆಲ್ಲ ಯೋಜಕರಿಗೆ ಗೊತ್ತಿರುತ್ತದೆ. ಅಷ್ಟೆಲ್ಲ ತಿಳಿದಿರುವ ವ್ಯಕ್ತಿಯೇ ಕೈಗಡ ಕೇಳಿದರೆ ಇಲ್ಲವೆನ್ನುವುದು ಬಹಳ ಕಷ್ಟ. ನಿಷೇಧದ ಹಿಂದಿರುವ ಕಾರಣ ಅದು.

ಹೆಸರಿನ ಮುಂದೆ ಕಾಣುವ ಅಕ್ಷರಗಳೆಲ್ಲ ಒಂದೇ ತೂಕದವಲ್ಲ. ಅಮೆರಿಕದ ಹಣಕಾಸು ವಲಯದ ಸ್ವಯಂ ನಿಯಂತ್ರಣ ಸಂಸ್ಥೆಯಾದ ಫಿನ್ರಾ ಸಾರ್ವಜನಿಕರ ಅನುಕೂಲಕ್ಕಾಗಿ ಇರಿಸಿರುವ ಪಟ್ಟಿಯಲ್ಲಿ ಇಂತಹ 200ಕ್ಕೂ ಹೆಚ್ಚು ಬಿರುದುಗಳಿವೆ. ಅವುಗಳಲ್ಲಿ ಕೆಲವಕ್ಕೆ ವರ್ಷಗಳ ಓದು ಬೇಕು, ಕೆಲವನ್ನು ಒಂದು ವಾರಾಂತ್ಯದ ಶಿಬಿರದಲ್ಲಿ ಪಡೆಯಬಹುದು. ಘನವಾದ ಪ್ರಮಾಣಪತ್ರಗಳ ನಡುವೆಯೂ ವ್ಯತ್ಯಾಸವಿದೆ. ಸಿಎಫ್‌ಎ, ಅಂದರೆ ‘ಚಾರ್ಟರ್ಡ್ ಫೈನಾನ್ಷಿಯಲ್ ಅನಲಿಸ್ಟ್’, ಮೂರು ಹಂತಗಳ ಅತ್ಯಂತ ಕಠಿಣ ಪರೀಕ್ಷೆ, ಆದರೆ ಅದರ ಕೇಂದ್ರ ಹೂಡಿಕೆಗಳ ವಿಶ್ಲೇಷಣೆಯೇ ಹೊರತು ಕುಟುಂಬದ ಹಣಕಾಸು ಅಲ್ಲ. ದೊಡ್ಡ ನಿಧಿಯೊಂದನ್ನು ನಿರ್ವಹಿಸಲು ತಯಾರಾದವರು ವೃದ್ಧ ತಂದೆತಾಯಿಯರ ಆರೈಕೆಯ ಖರ್ಚನ್ನು ಯೋಜಿಸಲು ತಯಾರಾಗಿರಬೇಕೆಂದಿಲ್ಲ. ಲೆಕ್ಕಪರಿಶೋಧಕರ ಬಲ ತೆರಿಗೆಯಲ್ಲಿ, ವಿಮಾ ಕ್ಷೇತ್ರದ ಬಿರುದುಗಳ ಬಲ ಅಪಾಯದ ಅಂದಾಜಿನಲ್ಲಿ. ಪರಿಚಯವಿಲ್ಲದ ಬಿರುದೊಂದು ಎದುರಾದಾಗ ಅದನ್ನು ತೂಗುವುದಕ್ಕೆ ಮೂರು ಸಂಗತಿಗಳನ್ನು ವಿಚಾರಿಸಿದರೆ ಸಾಕಾಗುತ್ತದೆ ಎಂಬುದು ನನ್ನ ತಿಳಿವಳಿಕೆ. ಅದನ್ನು ಕೊಡುವ ಸಂಸ್ಥೆ ಮೇಲ್ವಿಚಾರಣೆಯಲ್ಲಿ ಪರೀಕ್ಷೆ ನಡೆಸುತ್ತದೆಯೇ? ಬಿರುದು ಪಡೆದವರ ವಿರುದ್ಧ ದೂರು ಕೊಡಲು, ತಪ್ಪಿತಸ್ಥರಿಂದ ಅದನ್ನು ಹಿಂಪಡೆಯಲು ವ್ಯವಸ್ಥೆ ಇದೆಯೇ? ಇಂತಹವರು ಈಗಲೂ ಬಿರುದು ಹೊಂದಿದ್ದಾರೆಯೇ ಎಂಬುದನ್ನು ಯಾರು ಬೇಕಾದರೂ ಪರಿಶೀಲಿಸಬಹುದೇ? ಹಿಂಪಡೆಯಲು ಬಾರದ ಬಿರುದಿನಿಂದ ಗ್ರಾಹಕರಿಗೆ ಯಾವ ರಕ್ಷಣೆಯೂ ಇಲ್ಲ.

ಪ್ರಮಾಣಪತ್ರ ಬೇರೆ, ಪರವಾನಗಿ ಬೇರೆ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಪ್ರಮಾಣಪತ್ರವನ್ನು ವೃತ್ತಿಯ ಸಂಸ್ಥೆ ಕೊಡುತ್ತದೆ, ಅದು ಸಾಮಾನ್ಯವಾಗಿ ಐಚ್ಛಿಕ. ಪರವಾನಗಿ ಅಥವಾ ನೋಂದಣಿಯನ್ನು ಸರ್ಕಾರದ ನಿಯಂತ್ರಕರು ಕೊಡುತ್ತಾರೆ, ಅದಿಲ್ಲದೆ ಶುಲ್ಕ ಪಡೆದು ಹೂಡಿಕೆಯ ಸಲಹೆ ಕೊಡುವುದು ಹಲವು ದೇಶಗಳಲ್ಲಿ ಅಪರಾಧ. ಸಿಎಫ್‌ಪಿ ಇದ್ದೂ ನೋಂದಣಿ ಇಲ್ಲದವರು, ನೋಂದಣಿ ಇದ್ದೂ ಸಿಎಫ್‌ಪಿ ಇಲ್ಲದವರು ಇಬ್ಬರೂ ಇರುತ್ತಾರೆ. ನಿಯಂತ್ರಕರು ಕಾಲಕಾಲಕ್ಕೆ ಬಿಗಿಗೊಳಿಸಿರುವ ನಿಯಮಗಳನ್ನು ನೋಡಿದರೆ ಅವರ ಚಿಂತೆ ಜ್ಞಾನದ ಕೊರತೆಗಿಂತ ಹೆಚ್ಚಾಗಿ ಆದಾಯದ ಮೂಲದ ಬಗ್ಗೆ ಇದ್ದದ್ದು ಕಾಣುತ್ತದೆ. ಬ್ರಿಟನ್ 2012ರ ಡಿಸೆಂಬರ್ 31ರಿಂದ ಹೊಸ ಹೂಡಿಕೆಯ ಸಲಹೆಗಳ ಮೇಲೆ ಕಮಿಷನ್ ಪಡೆಯುವುದನ್ನು ನಿಲ್ಲಿಸಿ, ಸಲಹೆಗಾರರ ಕನಿಷ್ಠ ವಿದ್ಯಾರ್ಹತೆಯನ್ನೂ ಏರಿಸಿತು. ಆಸ್ಟ್ರೇಲಿಯಾ 2013ರ ಜುಲೈನಿಂದ ಅಂತಹುದೇ ನಿರ್ಬಂಧ ತಂದಿತು; ಆದರೂ 2018ರಲ್ಲಿ ಅಲ್ಲಿನ ವಿಚಾರಣಾ ಆಯೋಗದ ಮುಂದೆ, ಹಣಕಾಸು ಸಂಸ್ಥೆಗಳು ಯಾವ ಸೇವೆಯನ್ನೂ ಕೊಡದೆ ವರ್ಷಗಟ್ಟಲೆ ಶುಲ್ಕ ವಸೂಲಿ ಮಾಡಿದ್ದು, ತೀರಿಕೊಂಡವರ ಖಾತೆಗಳಿಂದಲೂ ವಸೂಲಿ ಮಾಡಿದ್ದು ಬಯಲಾಯಿತು. 2019ರಿಂದ ಅಲ್ಲಿ ಹೊಸದಾಗಿ ಈ ವೃತ್ತಿಗೆ ಬರುವವರು ಪದವಿ, ರಾಷ್ಟ್ರೀಯ ಪರೀಕ್ಷೆ, ಒಂದು ವರ್ಷದ ತರಬೇತಿ ಇವುಗಳನ್ನು ಪೂರೈಸಬೇಕು. ಭಾರತದಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿ 2013ರಲ್ಲಿ ಹೂಡಿಕೆ ಸಲಹೆಗಾರರ ನಿಯಮಾವಳಿ ತಂದು, 2020ರಲ್ಲಿ ಸಲಹೆಯನ್ನೂ ಮಾರಾಟವನ್ನೂ ಇನ್ನಷ್ಟು ಸ್ಪಷ್ಟವಾಗಿ ಬೇರ್ಪಡಿಸಿತು.

ಈ ಬೇರ್ಪಡಿಕೆಯ ಮಹತ್ವವನ್ನು ತಿಳಿಯಲು ಯೋಜಕರ ಜೇಬಿನ ಕಡೆಯಿಂದ ನೋಡಬೇಕು. ಅವರಿಗೆ ಹಣ ಬರುವ ದಾರಿಗಳು ಮುಖ್ಯವಾಗಿ ಮೂರು. ಗ್ರಾಹಕರು ಕೊಳ್ಳುವ ವಿಮೆ, ಫಂಡ್‌ಗಳ ಮೇಲೆ ಕಂಪನಿಗಳು ಕೊಡುವ ಕಮಿಷನ್ ಒಂದು. ನಿರ್ವಹಿಸುವ ಆಸ್ತಿಯ ಮೇಲೆ ಪ್ರತಿ ವರ್ಷ ಇಷ್ಟು ಶೇಕಡಾ ಎಂಬ ಶುಲ್ಕ ಇನ್ನೊಂದು. ಗಂಟೆಯ ಲೆಕ್ಕದಲ್ಲಿ ಅಥವಾ ಒಂದು ಯೋಜನೆಗೆ ಇಷ್ಟೆಂದು ಗ್ರಾಹಕರೇ ನೇರವಾಗಿ ಕೊಡುವ ನಿಗದಿತ ಶುಲ್ಕ ಮತ್ತೊಂದು. ಪ್ರತಿಯೊಂದರಲ್ಲೂ ಒಂದು ಸೆಳೆತವಿದೆ. ಕಮಿಷನ್ ಪಡೆಯುವವರಿಗೆ ಏನನ್ನಾದರೂ ಮಾರಬೇಕೆಂಬ ಸೆಳೆತ. ಶೇಕಡಾವಾರು ಶುಲ್ಕ ಪಡೆಯುವವರಿಗೆ ಹಣವನ್ನು ತಮ್ಮ ನಿರ್ವಹಣೆಯಲ್ಲೇ ಉಳಿಸಿಕೊಳ್ಳಬೇಕೆಂಬ ಸೆಳೆತ. ಮೇಲೆ ಹೇಳಿದ ಮನೆಸಾಲದ ಪ್ರಶ್ನೆಯಲ್ಲಿ ಸಾಲ ತೀರಿಸಿ ಎಂದು ಹೇಳಿದರೆ ಅವರ ಆದಾಯವೇ ಇಳಿಯುತ್ತದೆ. ಗಂಟೆಯ ಲೆಕ್ಕದವರಿಗೆ ಕೆಲಸವನ್ನು ಹಿಗ್ಗಿಸುವ ಸೆಳೆತ ಇರಬಹುದು. ಸೆಳೆತವೇ ಇಲ್ಲದ ಪದ್ಧತಿ ಇಲ್ಲವಾದ್ದರಿಂದ, ಅದನ್ನು ಬಾಯಿಬಿಟ್ಟು ಹೇಳುವ ಯೋಜಕರು ಇಲ್ಲವೆಂದು ಸಾಧಿಸುವವರಿಗಿಂತ ಹೆಚ್ಚು ನಂಬಲರ್ಹರು.

ಇನ್ನು ಖಾಸಗಿ ಬದುಕಿನ ಮಾತು. ಗ್ರಾಹಕರು ಯೋಜಕರನ್ನು ಕೇಳುವ ಅತ್ಯಂತ ಸಹಜವಾದ ಪ್ರಶ್ನೆ, ನೀವು ನಿಮ್ಮ ಹಣವನ್ನು ಎಲ್ಲಿ ಹೂಡಿದ್ದೀರಿ ಎಂಬುದು. ತಾನು ಹೇಳುವುದನ್ನು ತಾನೂ ಪಾಲಿಸುವವರು ಒಳ್ಳೆಯ ಸಲಹೆಯನ್ನೇ ಕೊಡುತ್ತಾರೆಂಬ ನಂಬಿಕೆ ಇದರ ಹಿಂದಿದೆ. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ಸಂಶೋಧನೆಯೊಂದು 2021ರಲ್ಲಿ ಪ್ರಕಟವಾಯಿತು. ಕೆನಡಾದ 4,000ಕ್ಕೂ ಹೆಚ್ಚು ಹಣಕಾಸು ಸಲಹೆಗಾರರ ಮತ್ತು ಅವರ ಲಕ್ಷಾಂತರ ಗ್ರಾಹಕರ ಖಾತೆಗಳನ್ನು ಸಂಶೋಧಕರು ಹೋಲಿಸಿ ನೋಡಿದರು. ಸಲಹೆಗಾರರು ತಮ್ಮ ಸ್ವಂತ ಹಣವನ್ನೂ ಗ್ರಾಹಕರ ಹಣದಂತೆಯೇ ಹೂಡಿದ್ದರು. ಆದರೆ ಆ ಹೂಡಿಕೆಯೇ ಕಳಪೆಯಾಗಿತ್ತು. ಮೇಲಿಂದ ಮೇಲೆ ಕೊಳ್ಳುವುದು ಮಾರುವುದು, ಈಚೆಗೆ ಏರಿದ ಫಂಡ್‌ಗಳ ಹಿಂದೆ ಓಡುವುದು, ಹೆಚ್ಚು ವೆಚ್ಚದ ಫಂಡ್‌ಗಳನ್ನು ಆರಿಸುವುದು ಇವೆಲ್ಲ ಅವರ ಸ್ವಂತ ಖಾತೆಗಳಲ್ಲೂ ಕಂಡವು, ಅವರು ಆ ವೃತ್ತಿಯನ್ನು ಬಿಟ್ಟ ಮೇಲೂ ಮುಂದುವರಿದವು. ಅಂದರೆ ಅಲ್ಲಿ ತೊಂದರೆ ಇದ್ದದ್ದು ಮೋಸದಲ್ಲಲ್ಲ, ತಪ್ಪಾದ ನಂಬಿಕೆಯಲ್ಲಿ. ನನಗೆ ಈ ಫಲಿತಾಂಶ ಬಹಳ ಮುಖ್ಯವೆನಿಸುತ್ತದೆ. ಪ್ರಾಮಾಣಿಕತೆ ಇದ್ದರೆ ಉಳಿದದ್ದು ತಾನಾಗಿ ಬರುತ್ತದೆ ಎಂದುಕೊಳ್ಳುವವರಿಗೆ, ಅರ್ಹತೆಯ ಭಾಗವನ್ನು ಅಷ್ಟು ಎಚ್ಚರದಿಂದ ಓದಬೇಕಾದ ಕಾರಣವನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಇನ್ನೊಂದು ಸಂಗತಿ ಸಿಗಲಾರದು.

ಇದರ ಇನ್ನೊಂದು ಮಗ್ಗುಲೂ ಇದೆ. ಹೂಡಿಕೆಯನ್ನು ಹಲವು ಕಡೆ ಹಂಚುವುದರ ಗಣಿತವನ್ನು 1952ರಲ್ಲಿ ರೂಪಿಸಿ, ಅದಕ್ಕಾಗಿ 1990ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಹ್ಯಾರಿ ಮಾರ್ಕೊವಿಟ್ಜ್, ತಮ್ಮ ಸ್ವಂತ ನಿವೃತ್ತಿ ನಿಧಿಯನ್ನು ಹಂಚುವಾಗ ತಮ್ಮದೇ ಸೂತ್ರವನ್ನು ಬಳಸಲಿಲ್ಲ. ಷೇರು ಏರಿದಾಗ ತಾನು ಅದರಲ್ಲಿ ಇರಲಿಲ್ಲವೆಂದೂ, ಇಳಿದಾಗ ಪೂರ್ತಿ ಅದರಲ್ಲೇ ಇದ್ದೆನೆಂದೂ ಪರಿತಪಿಸುವಂತಾಗಬಾರದೆಂದು ಷೇರಿಗೆ ಅರ್ಧ, ಬಾಂಡಿಗೆ ಅರ್ಧ ಹಾಕಿದೆನೆಂದು ಅವರೇ ಹೇಳಿಕೊಂಡಿದ್ದರು. ಸ್ವಂತ ಹಣದ ಮುಂದೆ ಎಲ್ಲರೂ ಮನುಷ್ಯರೇ. ಯೋಜಕರು ತಮ್ಮ ಹಣದಲ್ಲಿ ಮಾಡಿಕೊಂಡ ಆಯ್ಕೆ ಅವರ ವಯಸ್ಸು, ಹೊಣೆ, ಭಯಗಳಿಗೆ ತಕ್ಕದ್ದಾಗಿರುತ್ತದೆ. ಅದು ಗ್ರಾಹಕರಿಗೆ ಹೊಂದಬೇಕೆಂದಿಲ್ಲ. ಆದ್ದರಿಂದ ಆ ಪ್ರಶ್ನೆಯನ್ನು ಕೇಳಬಾರದೆಂದಲ್ಲ. ಎಲ್ಲಿ ಹೂಡಿದ್ದೀರಿ ಎಂಬುದರ ಬದಲು, ಹಣದ ವಿಷಯದಲ್ಲಿ ನೀವು ಮಾಡಿದ ತಪ್ಪು ಯಾವುದು, ಅದರ ನಂತರ ಏನನ್ನು ಬದಲಾಯಿಸಿದಿರಿ ಎಂದು ಕೇಳಿದರೆ ಹೆಚ್ಚು ತಿಳಿಯುತ್ತದೆ.

ಕುಟುಂಬದ ಚಿತ್ರ, ಊರು, ಧರ್ಮ, ಓದಿದ ಶಾಲೆ, ಸೇವಾಸಂಸ್ಥೆ ಇವುಗಳಿಂದ ಮೂಡುವ ಆತ್ಮೀಯತೆ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಹಣಕಾಸಿನ ವಂಚನೆಗಳ ಇತಿಹಾಸದಲ್ಲಿ ಇದೇ ಆತ್ಮೀಯತೆ ಮತ್ತೆ ಮತ್ತೆ ಬಾಗಿಲು ತೆರೆದುಕೊಟ್ಟಿದೆ. 2008ರ ಡಿಸೆಂಬರ್‌ನಲ್ಲಿ ಬಂಧಿತರಾಗಿ, ಮರುವರ್ಷ 150 ವರ್ಷಗಳ ಸೆರೆವಾಸದ ಶಿಕ್ಷೆ ಪಡೆದ ಬರ್ನಾರ್ಡ್ ಮೇಡಾಫ್ ಅವರ ಬಲೆಗೆ ಬಿದ್ದವರಲ್ಲಿ ಅವರದೇ ಸಮುದಾಯದವರು, ಅವರು ಗಣ್ಯರಾಗಿ ಓಡಾಡುತ್ತಿದ್ದ ದಾನಸಂಸ್ಥೆಗಳು ಬಹಳ ಇದ್ದವು. ಅವರು ಹಣಕಾಸು ಯೋಜಕರಾಗಿರಲಿಲ್ಲ, ಹೂಡಿಕೆ ನಿರ್ವಾಹಕರಾಗಿದ್ದರು. ಆದರೂ ಪಾಠ ಒಂದೇ. ನಮ್ಮವರೆಂಬ ಭಾವನೆ ಬಂದ ಕೂಡಲೇ ಜನ ಲೆಕ್ಕ ಕೇಳುವುದನ್ನು ನಿಲ್ಲಿಸುತ್ತಾರೆ. ಹೂಡಿಕೆಯ ಹಣ ಯೋಜಕರ ಕೈಯಲ್ಲಿ ಅಥವಾ ಅವರ ಹೆಸರಿನ ಖಾತೆಯಲ್ಲಿ ಇರದೆ, ಸ್ವತಂತ್ರವಾದ ಮೂರನೆಯ ಸಂಸ್ಥೆಯಲ್ಲಿ ಗ್ರಾಹಕರ ಹೆಸರಿನಲ್ಲೇ ಇದ್ದು, ಆ ಸಂಸ್ಥೆಯಿಂದಲೇ ವಿವರಪಟ್ಟಿ ನೇರವಾಗಿ ಗ್ರಾಹಕರಿಗೆ ಬರುವಂತಿದ್ದರೆ, ಯೋಜಕರೊಂದಿಗೆ ಎಷ್ಟೇ ಸ್ನೇಹವಿದ್ದರೂ ತೊಂದರೆಯಿಲ್ಲ.

ಹಾಗಾದರೆ ಪ್ರಸ್ತುತವಾದ ಖಾಸಗಿ ಸಂಗತಿಗಳು ಯಾವುವು? ಯೋಜಕರ ಸ್ವಂತ ಹಣಕಾಸಿನ ಸ್ಥಿತಿ ಅದರಲ್ಲಿ ಮೊದಲನೆಯದು. ಸಾಲದಲ್ಲಿ ಮುಳುಗಿರುವವರು ಕಮಿಷನ್ನಿನ ಸೆಳೆತವನ್ನು ತಡೆದುಕೊಳ್ಳುವುದು ಕಷ್ಟ. ಅಮೆರಿಕದ ಮಂಡಳಿ ಪ್ರಮಾಣಪತ್ರ ಹೊಂದಿದವರ ದಿವಾಳಿ ಅರ್ಜಿಗಳ ವಿವರವನ್ನು ಸಾರ್ವಜನಿಕರಿಗೆ ತೋರಿಸುವುದು ಇದೇ ಕಾರಣದಿಂದ. ಕಾಯಿಲೆಯ ಖರ್ಚಿನಿಂದಲೋ ವಿಚ್ಛೇದನದಿಂದಲೋ ಒಮ್ಮೆ ದಿವಾಳಿಯಾದವರನ್ನು ಅಷ್ಟಕ್ಕೇ ತಳ್ಳಿಹಾಕುವುದು ನ್ಯಾಯವಲ್ಲ, ಕೆಲವೊಮ್ಮೆ ಅಂಥವರೇ ಗ್ರಾಹಕರ ಸಂಕಟವನ್ನು ಚೆನ್ನಾಗಿ ಅರಿಯುತ್ತಾರೆ. ಆದರೆ ಅದು ಮುಚ್ಚಿಡಬೇಕಾದ ಸಂಗತಿಯಲ್ಲ. ಎರಡನೆಯದು, ಅವರ ಮನೆಯವರಿಗೆ ವಿಮಾ ಏಜೆನ್ಸಿಯೋ ನಿವೇಶನಗಳ ವ್ಯವಹಾರವೋ ಇದೆಯೇ ಎಂಬುದು. ಯೋಜಕರು ಕಮಿಷನ್ ಪಡೆಯದಿದ್ದರೂ ಅವರ ಸಂಗಾತಿ ಅಥವಾ ಸಹೋದರ ಪಡೆಯುತ್ತಿದ್ದರೆ ಹಣ ಸೇರುವ ಮನೆ ಒಂದೇ. ತಾವು ಇತರರಿಗೆ ಹೇಳುವ ಮೂಲಭೂತ ಕೆಲಸಗಳನ್ನು, ಅಂದರೆ ಉಯಿಲು, ಸಾಕಷ್ಟು ಜೀವವಿಮೆ, ತುರ್ತು ನಿಧಿ, ಖಾತೆಗಳ ನಾಮನಿರ್ದೇಶನ ಇವುಗಳನ್ನು ತಮ್ಮ ಮನೆಯಲ್ಲಿ ಮಾಡಿಕೊಂಡಿದ್ದಾರೆಯೇ ಎಂದು ಕೇಳುವುದೂ ತಪ್ಪಲ್ಲ. ಹೂಡಿಕೆಯ ಆಯ್ಕೆ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುತ್ತದೆ, ಉಯಿಲಿನ ಅಗತ್ಯ ಅಷ್ಟು ಬದಲಾಗುವುದಿಲ್ಲ.

ಯೋಜಕರ ಬದುಕಿನ ಕಷ್ಟಗಳನ್ನೂ ನೋಡದೆ ಈ ವಿಷಯವನ್ನು ಬಿಡುವಂತಿಲ್ಲ, ಏಕೆಂದರೆ ಅವು ಕೊನೆಗೆ ಸಲಹೆಯ ಗುಣವನ್ನೇ ತಟ್ಟುತ್ತವೆ. ಆರಂಭದ ವರ್ಷಗಳಲ್ಲಿ ಗ್ರಾಹಕರನ್ನು ಹುಡುಕಿಕೊಳ್ಳುವುದೇ ಕೆಲಸದ ಬಹುಪಾಲಾಗಿರುತ್ತದೆ, ಆದಾಯ ಏರುಪೇರಾಗುತ್ತದೆ. ಇತರರಿಗೆ ಸ್ಥಿರತೆಯ ಪಾಠ ಹೇಳುವವರ ಮನೆಯಲ್ಲಿ ಆ ಹೊತ್ತಿಗೆ ಸ್ಥಿರತೆ ಇರುವುದಿಲ್ಲ. ಬಂಧುಗಳು, ಸ್ನೇಹಿತರು ಮೊದಲ ಗ್ರಾಹಕರಾಗುತ್ತಾರೆ. ಮಾರುಕಟ್ಟೆ ಕುಸಿದಾಗ ಆ ನಷ್ಟ ಹಬ್ಬಹರಿದಿನಗಳ ಮಾತಿನಲ್ಲೂ ಬಂದು ಕೂರುತ್ತದೆ. 2008ರಂತಹ, 2020ರ ಮಾರ್ಚಿನಂತಹ ದಿನಗಳಲ್ಲಿ ಯೋಜಕರ ಫೋನು ಬೆಳಗಿನಿಂದ ರಾತ್ರಿಯವರೆಗೆ ಬಿಡುವಿಲ್ಲದೆ ಬಡಿದುಕೊಳ್ಳುತ್ತದೆ. ಪ್ರತಿಯೊಬ್ಬರಿಗೂ ಧೈರ್ಯ ಹೇಳಬೇಕಾದ ಅವರ ಸ್ವಂತ ಉಳಿತಾಯವೂ ಅದೇ ಕುಸಿತದಲ್ಲಿ ಕರಗುತ್ತಿರುತ್ತದೆ, ಆಸ್ತಿಯ ಶೇಕಡಾವಾರು ಶುಲ್ಕದ ಮೇಲೆ ಬದುಕುವವರಾದರೆ ಆದಾಯವೂ ಅದರೊಂದಿಗೆ ಇಳಿಯುತ್ತಿರುತ್ತದೆ. ಆ ಗಳಿಗೆಯಲ್ಲಿ ಯೋಜನೆಗೆ ಅಂಟಿಕೊಳ್ಳುವಂತೆ ಹೇಳಲು ಬೇಕಾದ ಸ್ಥೈರ್ಯವನ್ನು ಯಾವ ಪರೀಕ್ಷೆಯೂ ಅಳೆಯಲಾರದು.

ಗುಟ್ಟುಗಳ ಭಾರ ಇನ್ನೊಂದು. ಗಂಡನಿಗೆ ತಿಳಿಯದ ಖಾತೆ, ಹೆಂಡತಿಗೆ ತಿಳಿಯದ ಸಾಲ, ಮಕ್ಕಳಲ್ಲಿ ಒಬ್ಬರಿಗೆ ಮಾತ್ರ ಹೆಚ್ಚು ಕೊಡಬೇಕೆಂಬ ಮುದುಕರ ಇಚ್ಛೆ, ಹೊರಗೆ ಹೇಳಲಾಗದ ಕಾಯಿಲೆ ಇವೆಲ್ಲ ವೈದ್ಯರಿಗಿಂತ ಮೊದಲು, ವಕೀಲರಿಗಿಂತ ಮೊದಲು ಯೋಜಕರ ಮುಂದೆ ಬರುವುದುಂಟು. ಗಂಡಹೆಂಡತಿ ಇಬ್ಬರೂ ಗ್ರಾಹಕರಾಗಿದ್ದು, ಒಬ್ಬರು ಒಂಟಿಯಾಗಿ ಬಂದು ಬೇರೆಯಾಗುವ ಯೋಚನೆಯನ್ನು ತಿಳಿಸಿದರೆ ಯೋಜಕರು ಯಾರ ಪರ ನಿಲ್ಲಬೇಕು? ಅನುಭವಿಗಳು ಇದಕ್ಕೆ ಮೊದಲ ದಿನವೇ ದಾರಿ ಮಾಡಿಕೊಂಡಿರುತ್ತಾರೆ. ಒಬ್ಬರು ಹೇಳಿದ್ದನ್ನು ಇನ್ನೊಬ್ಬರಿಂದ ಮುಚ್ಚಿಡುವುದಿಲ್ಲವೆಂದು ಬರಹದಲ್ಲೇ ಒಪ್ಪಂದವಾಗಿರುತ್ತದೆ, ಹಿತಗಳು ಬೇರೆಯಾದಾಗ ಇಬ್ಬರಲ್ಲಿ ಒಬ್ಬರಿಗಾದರೂ ಬೇರೆ ಯೋಜಕರನ್ನು ಸೂಚಿಸುತ್ತಾರೆ.

ಸಿಎಫ್‌ಪಿ ಮಂಡಳಿ 2021ರಲ್ಲಿ ತನ್ನ ಪರೀಕ್ಷೆಯ ವಿಷಯಗಳ ಸಾಲಿಗೆ ಹಣಕಾಸು ಯೋಜನೆಯ ಮನಶ್ಶಾಸ್ತ್ರವನ್ನು ಸೇರಿಸಿದ್ದು ಈ ಅನುಭವದಿಂದಲೇ. ಗ್ರಾಹಕರ ಮನಸ್ಸನ್ನಷ್ಟೇ ಅಲ್ಲದೆ ತಮ್ಮ ಮನಸ್ಸಿನ ಒಲವುಗಳನ್ನೂ ಗುರುತಿಸಿಕೊಳ್ಳುವುದನ್ನು ಯೋಜಕರು ಅದರಲ್ಲಿ ಕಲಿಯಬೇಕು. ಕೊರತೆಯ ಮನೆಯಲ್ಲಿ ಬೆಳೆದ ಯೋಜಕರು ಅನಗತ್ಯವಾಗಿ ಕೂಡಿಡುವಂತೆ ಹೇಳಬಹುದು. ಚಿಕ್ಕ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡವರು ಎಲ್ಲರಿಗೂ ಅಗತ್ಯಕ್ಕಿಂತ ಹೆಚ್ಚು ವಿಮೆಯನ್ನು ಸೂಚಿಸಬಹುದು. ಸಾಲ ಮಾಡಿ ಗೆದ್ದವರಿಗೆ ಸಾಲದ ಅಪಾಯ ಕಾಣದೆ ಹೋಗಬಹುದು. ‘ಬದುಕಿನ ಯೋಜನೆ’ ಎಂಬ ಪದ್ಧತಿಯನ್ನು ಬೆಳೆಸಿದ ಅಮೆರಿಕದ ಜಾರ್ಜ್ ಕಿಂಡರ್ ಗ್ರಾಹಕರ ಮುಂದೆ ಇಡುವ ಮೂರು ಪ್ರಶ್ನೆಗಳು ಈ ವೃತ್ತಿಯಲ್ಲಿ ಹೆಸರಾಗಿವೆ. ಬೇಕಾದಷ್ಟು ಹಣವಿದ್ದರೆ ಹೇಗೆ ಬದುಕುತ್ತೀರಿ. ಐದರಿಂದ ಹತ್ತು ವರ್ಷ ಮಾತ್ರ ಉಳಿದಿದೆಯೆಂದು ತಿಳಿದರೆ ಏನನ್ನು ಬದಲಾಯಿಸುತ್ತೀರಿ. ಇನ್ನೊಂದೇ ದಿನ ಉಳಿದಿದ್ದರೆ ಯಾವುದು ಮಾಡದೆ ಉಳಿಯಿತೆಂದು ಕೊರಗುತ್ತೀರಿ. ಈ ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಂಡಿರದ ಯೋಜಕರು ಅವನ್ನು ಇನ್ನೊಬ್ಬರಿಗೆ ಕೇಳಿದಾಗ ಅದು ಅರ್ಜಿ ತುಂಬಿಸಿಕೊಂಡಂತೆ ಆಗುತ್ತದೆ. ತಮ್ಮ ಸ್ವಂತ ಯೋಜನೆಯನ್ನು ಇನ್ನೊಬ್ಬ ಯೋಜಕರಿಂದ ಮಾಡಿಸಿಕೊಳ್ಳುವವರು ಈ ವೃತ್ತಿಯಲ್ಲಿದ್ದಾರೆ. ಅದನ್ನು ನಾನು ಹೆಸರಿನ ಮುಂದಿನ ಇನ್ನೊಂದು ಬಿರುದಿಗಿಂತ ಹೆಚ್ಚಿನ ಅರ್ಹತೆಯೆಂದು ಎಣಿಸುತ್ತೇನೆ.

ಕೊನೆಯದಾಗಿ ಯೋಜಕರ ವಯಸ್ಸು ಮತ್ತು ಆರೋಗ್ಯ. ಇದನ್ನು ಕೇಳಲು ಸಂಕೋಚವಾಗುತ್ತದೆ, ಆದರೆ ಮೂವತ್ತೈದರ ಗ್ರಾಹಕರಿಗೆ ಅರವತ್ತರ ಯೋಜಕರಿದ್ದರೆ, ನಿವೃತ್ತಿಯ ಯೋಜನೆ ಜಾರಿಗೆ ಬರುವ ಹೊತ್ತಿಗೆ ಅದನ್ನು ಬರೆದವರು ಇರಲಾರರು. ಒಬ್ಬರೇ ನಡೆಸುವ ಕಚೇರಿಗಳಲ್ಲಿ ಈ ತೊಂದರೆ ಇನ್ನೂ ತೀವ್ರ: ಅವರು ಹಠಾತ್ತನೆ ಹಾಸಿಗೆ ಹಿಡಿದರೆ, ಯಾವ ನಿರ್ಧಾರವನ್ನು ಏಕೆ ತೆಗೆದುಕೊಳ್ಳಲಾಯಿತು ಎಂಬ ತಿಳಿವು ಅವರ ತಲೆಯಲ್ಲೇ ಉಳಿದುಬಿಡುತ್ತದೆ. ತಮಗೇನಾದರೂ ಆದರೆ ಗ್ರಾಹಕರನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ಜವಾಬ್ದಾರಿಯುತ ಯೋಜಕರು ಮತ್ತೊಬ್ಬ ಅರ್ಹ ಯೋಜಕರೊಂದಿಗೆ ಲಿಖಿತ ಒಪ್ಪಂದದಲ್ಲಿ ಗೊತ್ತುಮಾಡಿಕೊಂಡಿರುತ್ತಾರೆ, ಆ ವ್ಯಕ್ತಿಯನ್ನು ಗ್ರಾಹಕರಿಗೆ ಪರಿಚಯಿಸಿರುತ್ತಾರೆ, ಪ್ರತಿ ಸಲಹೆಯ ಕಾರಣವನ್ನು ಕಡತದಲ್ಲಿ ಬರೆದಿಟ್ಟಿರುತ್ತಾರೆ. ನಿಮಗೇನಾದರೂ ಆದರೆ ನಮ್ಮ ಕಡತ ಯಾರ ಕೈಗೆ ಹೋಗುತ್ತದೆ ಎಂದು ಮೊದಲ ಭೇಟಿಯಲ್ಲಿ ಕೇಳಿದಾಗ, ಅಂತಹ ಸಿದ್ಧತೆ ಮಾಡಿಕೊಂಡವರು ಒಂದು ಹೆಸರನ್ನು ಹೇಳುತ್ತಾರೆ, ಒಪ್ಪಂದದ ಪ್ರತಿಯನ್ನು ತೆಗೆದು ತೋರಿಸುತ್ತಾರೆ.